ಆಗ್ನೆಸ್ ಥಾರ್ನ್‌ಬಿಯ ಊರಿಗೆ ನಾವಿಬ್ಬರು ಹೋದದ್ದು

ಬೀರೂರು ಜಂಕ್ಷನ್

ನಮ್ಮ ಪ್ರವಾಸ ಒಂದು ಜಗಳದಿಂದ ಶುರುವಾಯಿತು. ಅದನ್ನು ಹೇಳದೆ ನೇರವಾಗಿ ವಿಮಾನ ಹತ್ತಿಬಿಟ್ಟರೆ, ಅರವತ್ತು ದಾಟಿದ ಇಬ್ಬರು ಹೆಂಗಸರು ಆ ಚಳಿಯಲ್ಲಿ ಇಂಗ್ಲೆಂಡಿಗೆ ಯಾಕೆ ಹೋದರು ಎಂಬುದು ಯಾರಿಗೂ ಅರ್ಥವಾಗುವುದಿಲ್ಲ.

ನಾನು ವಿಮಲಾ. ಅಜ್ಜಂಪುರದ ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾದವಳು. ನಮ್ಮ ಮನೆಯವರದು ಈರುಳ್ಳಿ ಮಂಡಿ. ಶಾಲೆ, ಮಂಡಿ, ಮಕ್ಕಳು ಎಲ್ಲದರ ನಡುವೆ, ಮದುವೆಯಾದ ಹೊಸದರಿಂದಲೂ ತರೀಕೆರೆಯ ಒಂದು ಹವ್ಯಾಸಿ ನಾಟಕ ತಂಡದಲ್ಲಿ ಪಾತ್ರ ಮಾಡುತ್ತ ಬಂದಿದ್ದೇನೆ. ಅದರಲ್ಲೊಂದು ಕೋಟೆಯ ರಾಣಿಯ ಪಾತ್ರ. ಶತ್ರುವಿನ ದೂತ ಬಂದು ಕೋಟೆಯ ಬೀಗದ ಕೈ ಕೊಡು ಎನ್ನುತ್ತಾನೆ. ರಾಣಿ ಒಬ್ಬಳೇ ನಿಂತು ಉತ್ತರ ಕೊಡುತ್ತಾಳೆ. ನಮ್ಮ ತಂಡದ ಮೇಷ್ಟ್ರೊಬ್ಬರು ಬರೆದದ್ದು. ಸಂತೆಗೆ ಹೋದರೆ ಸೊಪ್ಪು ಮಾರುವವರು ಈಗಲೂ ನನ್ನನ್ನು "ರಾಣಮ್ಮ ಬಂದ್ರು" ಎಂದೇ ಕರೆಯುತ್ತಾರೆ.

ಈಚೆಗೆ ನನ್ನ ಬಲಗೈ ನಡುಗಲು ಶುರುವಾಯಿತು. ಕಾಫಿ ಲೋಟ ಎತ್ತಿದರೆ ಅರ್ಧ ಸೆರಗಿಗೆ. ಶಿವಮೊಗ್ಗದ ಡಾಕ್ಟರು ನೋಡಿ, "ಭಯ ಪಡೋ ಕಾಯಿಲೆ ಅಲ್ಲ. ಆದ್ರೆ ಹೋಗೋದೂ ಇಲ್ಲ" ಎಂದರು. ನಾನು ಒಪ್ಪಿಕೊಂಡೆ. ನಮ್ಮ ತಂಡದ ನಿರ್ದೇಶಕ ಪ್ರಕಾಶ ಒಪ್ಪಿಕೊಳ್ಳಲಿಲ್ಲ. ಅವನು ನನ್ನ ಕೈಯಲ್ಲೇ ಅ ಆ ಇ ಈ ಕಲಿತವನು.

"ಅಕ್ಕಾ, ಈ ಸಲ ನಿಮ್ಗೊಂದು ದೊಡ್ಡ ಸನ್ಮಾನ ಇಟ್ಕೊಂಡಿದೀವಿ" ಎಂದ, ತಾಲೀಮಿಗೆ ಹೋದವಳನ್ನು ಬಾಗಿಲಲ್ಲೇ ನಿಲ್ಲಿಸಿ.

"ಸರಿ ಕಣೋ. ರಾಣಿ ಪಾತ್ರ?"

"ಅದುನ್ನ ಬೇರೆಯೋರಿಗೆ ಕೊಟ್ಟಿದೀವಿ ಅಕ್ಕ. ರಾಣಿ ಕೈ ನಡುಗುದ್ರೆ ಜನ ನಗ್ತಾರೆ. ಬೀಗದ ಕೈ ತಗಂಬಿಡಪ್ಪಾ ಅಂತ ಹೆದರಿಕೊಂಡಂಗೆ ಕಾಣುತ್ತೆ. ನೀವು ಮುಂದಿನ ಸಾಲಲ್ಲಿ ಕೂತು ಆಶೀರ್ವಾದ ಮಾಡಿ ಸಾಕು."

ನಾನು ಆಶೀರ್ವಾದವನ್ನೂ ಮಾಡದೆ ಬಸ್ಸು ಹತ್ತಿದೆ.

ನನ್ನ ಗೆಳತಿ ಮುಮ್ತಾಜ್ ತರೀಕೆರೆಯವಳು. ಅವಳ ಅಪ್ಪ ಅಲ್ಲಿನ ಹೆಸರಾದ ದರ್ಜಿ. ನಮ್ಮ ತಂಡದ ಉಡುಪು, ಬಣ್ಣ ಎಲ್ಲ ಅವಳದೇ. ಅದೇ ವಾರ ಅವಳು ಮಗಳು ಸಬೀಹಾಳ ಹತ್ತಿರ ಇಂಗ್ಲೆಂಡಿಗೆ ಹೊರಡುವ ತಯಾರಿಯಲ್ಲಿದ್ದಳು. ಸಬೀಹಾ ಅಲ್ಲಿ ಹೇಸ್ಟಿಂಗ್ಸ್ ಎಂಬ ಕಡಲೂರಿನಲ್ಲಿ ನರ್ಸು. ಫೋನಿನಲ್ಲಿ ನನ್ನ ಹತ್ತಿರ ಮಾತಾಡುತ್ತ, "ಖಾಲಾ, ನೀವು ಆವಾಗಾವಾಗ ಹೇಳ್ತಿರ್ತೀರಲ್ಲ ಸಿನಿಮಾ ನಟಿ ಆಗ್ನೆಸ್ ಥಾರ್ನ್‌ಬಿ, ಅವ್ರು ಈ ಹೇಸ್ಟಿಂಗ್ಸ್ ಊರೋರೇ ಅಂತೆ. ಇಲ್ಲೇ ರಂಗಮಂದಿರದಲ್ಲಿ ಅವ್ರಿಗೊಂದು ಗೌರವ ಸಮಾರಂಭ ಮಾಡ್ತಿದಾರೆ" ಎಂದಳು.

ನಾನು ಫೋನಿಟ್ಟವಳೇ ಮನೆಯವರ ಮುಂದೆ ಹೋಗಿ ನಿಂತೆ. ಅವರು ನನ್ನ ಮುಖ ನೋಡಿ, "ಹೋಗ್ಬಾ ಕಣೆ. ಇಲ್ಲಿದ್ರೆ ಅಡಿಗೆಮನೆ ಪಾತ್ರೆನೆಲ್ಲ ಕುಕ್ಕಿ ಕುಕ್ಕಿ ಸೊಟ್ಟ ಮಾಡ್ತೀಯ" ಎಂದರು.

ವೀಸಾ ಕೈಗೆ ಬಂದ ಮೇಲೆ ಬೀರೂರಿನಲ್ಲಿ ಬೆಂಗಳೂರು ರೈಲು ಹತ್ತಿದೆವು. ಕಳಿಸಲು ಬಂದ ಮುಮ್ತಾಜಳ ತಮ್ಮ, "ಅಲ್ಲಕ್ಕಾ, ಆ ಸಮಾರಂಭ ನೋಡಕ್ಕೆ ಅಷ್ಟು ದೂರ ಹೋಗ್ಬೇಕಾ? ಫೋನಲ್ಲೇ ಬರುತ್ತಲ್ಲ" ಎಂದು ನನ್ನನ್ನು ಕೇಳಿದ. ಉತ್ತರ ಮುಮ್ತಾಜ್ ಕೊಟ್ಟಳು: "ಬಿರಿಯಾನಿ ಫೋಟೋ ನೋಡಿ ಹೊಟ್ಟೆ ತುಂಬುಸ್ಕೊಳ್ಳೋನು ನೀನು. ಸುಮ್ನಿರು."

ಹೀಥ್ರೂ

ವಿಮಾನದಲ್ಲಿ ಎಲ್ಲರೂ ಹೇಳುವಂಥದ್ದೇ ನಡೆಯಿತು. ಕಿವಿ ಮುಚ್ಚಿತು, ಕಾಲು ಊದಿತು, ಊಟದ ಡಬ್ಬಿಯ ಮುಚ್ಚಳ ತೆಗೆಯಲು ಹೋಗಿ ಮೊಸರು ಪಕ್ಕದವರ ಪುಸ್ತಕದ ಮೇಲೆ ಹಾರಿತು. ಆ ಪುಣ್ಯಾತ್ಮ ತಾನೇ ನನಗೆ "ಸಾರಿ" ಎಂದ. ಆಮೇಲೆ ತಿಳಿಯಿತು, ಇಂಗ್ಲಿಷರಲ್ಲಿ ಕಾಲು ತುಳಿದವನೂ ಸಾರಿ ಎನ್ನುತ್ತಾನೆ, ತುಳಿಸಿಕೊಂಡವನೂ ಎನ್ನುತ್ತಾನೆ. ನಮ್ಮ ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಬೇರೆಯೇ ಮಾತು ಆಡುತ್ತಾರೆ.

ಮುಮ್ತಾಜ್ ಮಾತ್ರ ಆರಾಮವಾಗಿದ್ದಳು. ಬೆಂಗಳೂರಿನಲ್ಲಿ ಹತ್ತಿ ಕಣ್ಣು ಮುಚ್ಚಿದವಳು ಇಳಿಯುವಾಗ ಎದ್ದು, "ಬಂತೇನೆ? ಅರಸೀಕೆರೆಗಿಂತ ಬೇಗ ಬಂತಲ್ಲೇ" ಎಂದಳು.

ತೊಂದರೆ ಬಂದದ್ದು ಕೆಳಗಿಳಿದ ಮೇಲೆ. ಸಾಲಿನಲ್ಲಿ ನಿಂತು ಅಧಿಕಾರಿಯ ಮುಂದೆ ಹೋದಾಗ ಆಕೆ ಒಂದು ಗಾಜಿನ ಯಂತ್ರ ತೋರಿಸಿ ಬೆರಳು ಇಡಿ ಎಂದಳು. ಇಟ್ಟೆ. ಯಂತ್ರ ಕೆಂಪು ದೀಪ ತೋರಿಸಿತು. ಮತ್ತೆ ಇಟ್ಟೆ. ಮತ್ತೆ ಕೆಂಪು. ನನ್ನ ಕೈ ಗಾಜಿನ ಮೇಲೆ ಟಪಟಪ ಎನ್ನುತ್ತಿತ್ತು. ಹಿಂದೆ ಉದ್ದದ ಸಾಲು. ನಾಚಿಕೆಯಾದಷ್ಟೂ ನಡುಕ ಹೆಚ್ಚಿತು.

ಮುಮ್ತಾಜ್ ಪಕ್ಕದ ಕೌಂಟರಿನಿಂದ ಕೂಗಿದಳು: "ಏ ವಿಮ್ಲಾ, ಎಡಗೈಲಿ ಬಲಗೈನ ಅದುಮಿ ಹಿಡ್ಕೊಳ್ಳೆ!"

ಹಿಡಿದೆ. ಈಗ ಎರಡೂ ಕೈ ಸೇರಿ ನಡುಗಿದವು. ಇದು ಎಂಥ ಗ್ರಹಚಾರ, ನಾಟಕದಿಂದ ತೆಗೆದದ್ದು ಸಾಲದೆ ಇಂಗ್ಲೆಂಡಿನಿಂದಲೂ ತೆಗೆಯುತ್ತಾರೆಯೇ ಎಂದು ನನಗೆ ಸಿಟ್ಟು ಬಂತು. ಕೈ ಎತ್ತಿ ಆ ಹೆಂಗಸಿನ ಮುಖದ ಮುಂದೆ ಹಿಡಿದು, "ಇದು ನಡುಗುತ್ತೆ. ನನ್ನ ಕೈ ಹೀಗೇ" ಎಂದು ನನ್ನ ಶಾಲೆ ಇಂಗ್ಲಿಷಿನಲ್ಲಿ ಜೋರಾಗಿಯೇ ಹೇಳಿದೆ. ಆಕೆ ಎದ್ದು ಬಂದು, ನನ್ನ ಬೆರಳುಗಳ ಮೇಲೆ ತನ್ನ ಅಂಗೈ ಇಟ್ಟು ಮೆಲ್ಲಗೆ ಒತ್ತಿದಳು. ಹಸಿರು ದೀಪ ಬಂತು.

"ಸುತ್ತಾಡಲು ಬಂದಿರಾ?" ಎಂದು ಕೇಳಿದಳು.

"ನಾಟಕ ನೋಡಲು" ಎಂದೆ.

ಲಂಡನ್ನಿನಿಂದ ರೈಲಿನಲ್ಲಿ

ಸಬೀಹಾ ನಮ್ಮನ್ನು ಕರೆದುಕೊಂಡು ಹೋಗಲು ಬಂದಿದ್ದಳು. ಲಂಡನ್ನಿನಿಂದ ಹೇಸ್ಟಿಂಗ್ಸ್‌ಗೆ ರೈಲು. ಡಬ್ಬಿ ತುಂಬ ಜನ, ಆದರೆ ಒಂದು ಮಾತಿಲ್ಲ. ಬೀರೂರಿನಿಂದ ಕಡೂರು ತಲುಪುವಷ್ಟರಲ್ಲಿ ನಮ್ಮಲ್ಲಿ ಎದುರಿನವರ ಊರು, ಮಕ್ಕಳು, ಸೊಂಟನೋವು ಎಲ್ಲ ಗೊತ್ತಾಗಿರುತ್ತದೆ. ಇಲ್ಲಿ ಎದುರು ಕೂತ ಹೆಂಗಸಿನ ಮಂಡಿಗೆ ನನ್ನ ಮಂಡಿ ತಾಗುತ್ತಿದ್ದರೂ ಆಕೆ ನಾನು ಅಲ್ಲಿಲ್ಲವೆಂಬಂತೆ ಕಿಟಕಿ ನೋಡುತ್ತಿದ್ದಳು. ಮುಮ್ತಾಜ್ ಚೀಲದಿಂದ ಕೋಡುಬಳೆ ತೆಗೆದು ಕಡಿದಾಗ ಆದ ಸದ್ದಿಗೆ ಇಡೀ ಡಬ್ಬಿ ತಿರುಗಿತು.

"ಅಮ್ಮಿ, ನಕ್ಕೋ" ಎಂದಳು ಸಬೀಹಾ, ಬೇಡ ಎಂದು.

"ಕೈಕು? ಯಾಕೆ, ತಿನ್ನೋದು ತಪ್ಪಾ?" ಎಂದು ಇವಳು ಇನ್ನೊಂದು ಕಡಿದಳು.

ಹೊರಗೆ ಹಸಿರು ಹೊಲ, ಬೂದು ಆಕಾಶ, ಆಮೇಲೆ ಮಂಜು. ಆ ಮಂಜು ನೋಡುತ್ತಲೇ ನನಗೆ ಕೆಮ್ಮಣ್ಣುಗುಂಡಿ ನೆನಪಾಯಿತು.

ಆಗ ನನಗೆ ಹತ್ತೊಂಬತ್ತು. ಇಂಗ್ಲಿಷ್ ಸಿನಿಮಾದವರು ಕೆಮ್ಮಣ್ಣುಗುಂಡಿಗೆ ಬಂದಿದ್ದರು. ನಾಯಕಿ ಆಗ್ನೆಸ್ ಥಾರ್ನ್‌ಬಿ, ಬಹಳ ಎತ್ತರದ ಹೆಂಗಸು. ಅವಳು ಬಣ್ಣ ಹಚ್ಚಿಕೊಂಡು ಬರುವವರೆಗೆ ಅವಳ ಜಾಗದಲ್ಲಿ ನಿಂತು ದೀಪ ಸರಿಮಾಡಿಕೊಳ್ಳಲು ಅಷ್ಟೇ ಎತ್ತರದ ಒಬ್ಬಳು ಅವರಿಗೆ ಬೇಕಿತ್ತು. ಇಡೀ ತರೀಕೆರೆ ಕಾಲೇಜಿನಲ್ಲಿ ಅಷ್ಟು ಉದ್ದ ಇದ್ದವಳು ನಾನೊಬ್ಬಳೇ. ಅದುವರೆಗೆ ಆ ಎತ್ತರದಿಂದ ನನಗೆ ಆಗಿದ್ದ ಉಪಕಾರವೆಂದರೆ ಎರಡು ಗಂಡು ತಪ್ಪಿಹೋದದ್ದು. ಸಿನಿಮಾದವರ ಬಟ್ಟೆ ಹೊಲಿಯುತ್ತಿದ್ದುದು ಮುಮ್ತಾಜಳ ಅಪ್ಪ. ಹೆಂಗಸಿನ ಅಳತೆ ತೆಗೆಯಲು ಮಗಳನ್ನು ಕರೆತರುತ್ತಿದ್ದರು. ನಾವಿಬ್ಬರು ಗೆಳತಿಯರಾದದ್ದು ಅಲ್ಲೇ.

ಒಂದು ಬೆಳಗ್ಗೆ ನಡೆದದ್ದನ್ನು ನಾನು ಮರೆತಿಲ್ಲ. ಆ ದೃಶ್ಯದಲ್ಲಿ ನಾಯಕಿ ಅಳಬೇಕಿತ್ತು. ಆಗ್ನೆಸ್ ಅಳಲಿಲ್ಲ. ನಿರ್ದೇಶಕ ಬಂದು ಏನೋ ಹೇಳಿದ. ಅವಳು ತಲೆಯಾಡಿಸಿದಳು. ಆತ ಕೂಗಾಡಿದ, ಟೋಪಿ ನೆಲಕ್ಕೆ ಎಸೆದ. ಅವಳು ಕಲ್ಲಿನ ಮೇಲೆ ಕೂತು, ಕಾಲಿಗೆ ಹತ್ತಿದ್ದ ಜಿಗಣೆ ಕಿತ್ತು, ಒಂದೇ ಮಾತು ಹೇಳಿದಳು. ನನಗೆ ಅರ್ಥವಾದ ಇಂಗ್ಲಿಷ್ ಅಷ್ಟೇ: "ಈ ಹೆಂಗಸು ಇಲ್ಲಿ ಅಳುವವಳಲ್ಲ." ಮಂಜು ಬಂತು, ಹೋಯಿತು. ಇಡೀ ತಂಡ ಕಾದು ಕೂತಿತು. ಕೊನೆಗೆ ಅವಳು ಹೇಳಿದ ಹಾಗೆಯೇ ಚಿತ್ರ ತೆಗೆದರು.

ಒಬ್ಬ ಹೆಂಗಸು ಬೇಡ ಎಂದದ್ದಕ್ಕೆ ಅಷ್ಟು ಗಂಡಸರು ಸುಮ್ಮನಾದದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಆ ಸಿನಿಮಾ ಎಲ್ಲೂ ಓಡಲಿಲ್ಲವಂತೆ. ತರೀಕೆರೆಗಂತೂ ಬರಲೇ ಇಲ್ಲ. ನಾನು ಮಾತ್ರ ಮದುವೆಯಾದ ವರ್ಷವೇ ನಾಟಕದ ತಂಡ ಸೇರಿದೆ.

ಹೇಸ್ಟಿಂಗ್ಸ್, ಕಡಲ ದಂಡೆ

ಹೇಸ್ಟಿಂಗ್ಸ್‌ನ ಕಡಲತೀರದಲ್ಲಿ ಮರಳಿಲ್ಲ. ಬರೀ ದುಂಡು ಕಲ್ಲು. ನಡೆದರೆ ಕಡಲೆಕಾಯಿ ರಾಶಿಯ ಮೇಲೆ ಕಾಲಿಟ್ಟ ಸದ್ದು. ಮೀನಿನ ದೋಣಿಗಳನ್ನು ಅಲ್ಲೇ ಕಲ್ಲಿನ ಮೇಲೆ ಎಳೆದು ನಿಲ್ಲಿಸುತ್ತಾರೆ. ಪಕ್ಕದಲ್ಲಿ ಬಲೆ ಇಡಲು ಕಟ್ಟಿದ ಕಪ್ಪು ಮರದ ಗೂಡುಗಳು, ಅಗಲ ಕಡಿಮೆ, ಎತ್ತರ ಜಾಸ್ತಿ. "ನಿನ್ನಂಗೇ ಅವೆ ಕಣೆ" ಎಂದಳು ಮುಮ್ತಾಜ್.

ಮೊದಲ ಮಧ್ಯಾಹ್ನವೇ ನನ್ನ ಆಲೂಗಡ್ಡೆ ಚಿಪ್ಸನ್ನು ಒಂದು ಕಡಲಹಕ್ಕಿ ಕಿತ್ತುಕೊಂಡಿತು. ಪೊಟ್ಟಣದಿಂದಲ್ಲ, ಬಾಯಿಯ ಹತ್ತಿರದಿಂದ. ಕೆಮ್ಮಣ್ಣುಗುಂಡಿಯ ಕೋತಿಗಳು ಇದಕ್ಕಿಂತ ಮರ್ಯಾದಸ್ಥರು, ಒಮ್ಮೆ ಮುಖ ನೋಡಿ ಆಮೇಲೆ ಕಿತ್ತುಕೊಳ್ಳುತ್ತವೆ. ಮೀನಿನ ಅಂಗಡಿಯ ದಪ್ಪನೆಯ ಮುದುಕಿ ಇದನ್ನು ನೋಡಿ ನಕ್ಕು, ಹೊಸ ಪೊಟ್ಟಣ ತಂದುಕೊಟ್ಟಳು. ಆಕೆಯ ಹೆಸರು ಜೋನ್. ರೈಲಿನಲ್ಲಿ ಕಂಡವರ ಹಾಗಲ್ಲ, ನಮ್ಮವರ ಹಾಗೆ ಮಾತಿನ ಮಲ್ಲಿ. ನಾವು ಆಗ್ನೆಸ್‌ಗೋಸ್ಕರ ಬಂದವರು ಎಂದಾಗ ಆಕೆ ಕೈ ಒರೆಸಿಕೊಂಡು ನಮ್ಮ ಪಕ್ಕದಲ್ಲೇ ಕೂತಳು. ಅವಳ ಇಂಗ್ಲಿಷ್ ನನಗೆ ಅರ್ಧಂಬರ್ಧ ತಿಳಿಯಿತು, ಉಳಿದದ್ದನ್ನು ಸಬೀಹಾ ಹೇಳಿದಳು.

ಆಗ್ನೆಸ್‌ಳ ತಾಯಿ ಆ ದಂಡೆಯಲ್ಲೇ ಮೀನು ಸೀಳುತ್ತಿದ್ದವಳು. ಹುಡುಗಿ ನಾಟಕ ಕಲಿಯಲು ಲಂಡನ್ನಿಗೆ ಹೋದಾಗ ಅಲ್ಲಿನ ಗುರುಗಳು ಮೊದಲು ಅವಳ ಮಾತು ತಿದ್ದಲು ಹೊರಟರಂತೆ. ಮೀನುಗಾರರ ಉಚ್ಚಾರಣೆಯಲ್ಲಿ ರಂಗದ ಮೇಲೆ ಯಾರು ಮಾತಾಡುತ್ತಾರೆ ಎಂದರಂತೆ. ಅವಳು ಅವರ ಇಂಗ್ಲಿಷನ್ನೂ ಕಲಿತಳು, ತನ್ನದನ್ನೂ ಬಿಡಲಿಲ್ಲ. ಎತ್ತರ ಜಾಸ್ತಿ ಎಂದು ವರ್ಷಗಟ್ಟಲೆ ಮನೆಗೆಲಸದವಳ ಪಾತ್ರ, ಬಾಗಿಲು ತೆಗೆಯುವ ಪಾತ್ರ. ಆಮೇಲೆ ಒಂದು ಹೆಂಡದಂಗಡಿಯ ಮಹಡಿಯಲ್ಲಿ ಆಡಿದ ಸಣ್ಣ ನಾಟಕದಲ್ಲಿ ಅವಳಿಗೆ ತಾಯಿಯ ಪಾತ್ರ ಸಿಕ್ಕಿತು. ಜೈಲಿನಲ್ಲಿ ಸತ್ತ ಮಗನ ಹೆಣ ಕೊಡಿ ಎಂದು ನ್ಯಾಯಾಧೀಶನ ಮನೆಬಾಗಿಲಿಗೆ ಬರುವ ತಾಯಿ. ಅದನ್ನು ತನ್ನ ಅಮ್ಮನ ಮಾತಿನಲ್ಲೇ ಆಡಿದಳು. ಅಲ್ಲಿಂದ ದೊಡ್ಡ ರಂಗಮಂದಿರಗಳು, ಅಲ್ಲಿಂದ ಸಿನಿಮಾ, ಪ್ರಶಸ್ತಿ. ರಾಜಮನೆತನದ ಬಿರುದನ್ನು ಮೊದಲ ಸಲ ಬೇಡ ಎಂದಳು. ಎರಡನೆಯ ಸಲ ಅಮ್ಮ, "ಅರಮನೆ ಒಳಗೆ ಹೇಗಿದೆ ನೋಡಬೇಕು" ಎಂದದ್ದಕ್ಕೆ ತೆಗೆದುಕೊಂಡಳು.

"ಐವತ್ತರ ಹತ್ತಿರ ಒಂದು ಬೆಳಗ್ಗೆ ಎದ್ದಾಗ ಅರ್ಧ ಮುಖ ಬಿದ್ದುಹೋಗಿತ್ತು" ಎಂದಳು ಜೋನ್, ತನ್ನ ಎಡಗೆನ್ನೆಯನ್ನು ಕೈಯಿಂದ ಕೆಳಗೆಳೆದು ತೋರಿಸುತ್ತ. "ಡಾಕ್ಟರು ಸರಿಹೋಗುತ್ತೆ ಅಂದರು, ಹೋಗಲಿಲ್ಲ. ಸಿನಿಮಾದವರು ಹೂಗುಚ್ಛ ಕಳಿಸಿದರು. ಪಾತ್ರ ಕಳಿಸಲಿಲ್ಲ."

"ಆಮೇಲೆ?" ಎಂದೆ. ನನ್ನ ಕೈ ಮಡಿಲಲ್ಲಿ ಕುಣಿಯುತ್ತಿತ್ತು.

"ಆಮೇಲೇನು? ಮುಂದಿನ ವರ್ಷವೇ ರಂಗದ ಮೇಲೆ ಬಂದಳು, ಅದೇ ಮುಖದಲ್ಲಿ. ಪತ್ರಿಕೆಯವರು ಪಾಪ ಅಂತ ಬರೆದರು. ಅವಳು ಪ್ರತಿ ವರ್ಷ ಆಡಿದಳು. ಬರೆಯೋರಿಗೇ ಸುಸ್ತಾಯಿತು."

ಮುಮ್ತಾಜ್ ನನ್ನ ಮುಖ ನೋಡಿದಳು. ಚಿಪ್ಸಿನ ಪೊಟ್ಟಣವನ್ನು ಹಕ್ಕಿಗೆ ಕಾಣದಂತೆ ಬುರ್ಖಾದೊಳಗೆ ಇಟ್ಟುಕೊಂಡು ನನಗೆ ಒಂದೊಂದೇ ಕೊಟ್ಟಳು.

ಭಾನುವಾರ, ರಂಗಮಂದಿರ

ಸಮಾರಂಭ ಮಧ್ಯಾಹ್ನ. ನಾನು ರೇಷ್ಮೆ ಸೀರೆ ಉಟ್ಟು, ಅದರ ಮೇಲೆ ಸಬೀಹಾಳ ಗಂಡನ ದೊಡ್ಡ ಕೋಟು ಹಾಕಿ, ಕಾಲಿಗೆ ಬೂಟು ತೊಟ್ಟು ಹೋದೆ. ಕೋಟು ಬಾಗಿಲಲ್ಲಿ ಬಿಚ್ಚಿಟ್ಟು ಹೋಗಿ ಎಂದರು. ಚಳಿ, ಬಿಚ್ಚಲಿಲ್ಲ. ಒಳಗೆ ಕೆಂಪು ಮಕಮಲ್ಲಿನ ಕುರ್ಚಿಗಳು, ಚಿನ್ನದ ಬಣ್ಣದ ಮೇಲ್ಛಾವಣಿ. ಜನ ಪಿಸುಮಾತಿನಲ್ಲಿ ಬಂದು ಕೂತರು. ನಮ್ಮಲ್ಲಿ ನಾಟಕ ಶುರುವಾಗುವ ಮುನ್ನ ಇರುವ ಆ ಗಲಾಟೆ, ಜಾಗ ಹಿಡಿಯುವುದು, ಕಡಲೆಕಾಯಿ, ಮಕ್ಕಳ ಅಳು ಒಂದೂ ಇಲ್ಲ.

ರಂಗದ ಮೇಲೆ ಒಂದು ಸೋಫಾ, ದೊಡ್ಡ ಪರದೆ. ನಿರೂಪಕನೊಬ್ಬ ನೇರಳೆ ಬಣ್ಣದ ಕೋಟಿನಲ್ಲಿ ಬಂದು ಕೈಹಿಡಿದು ಆಗ್ನೆಸ್‌ಳನ್ನು ಕರೆತಂದ. ಎಂಬತ್ತು ದಾಟಿದವಳು. ಆ ಎತ್ತರ ಹಾಗೇ ಇತ್ತು, ಸ್ವಲ್ಪ ಮುಂದಕ್ಕೆ ಬಾಗಿತ್ತು. ಎಡಗಣ್ಣಿನ ಕೆಳಗಿನಿಂದ ತುಟಿಯವರೆಗೆ ಮುಖ ಜೋತುಬಿದ್ದಿತ್ತು. ಆತ ಅವಳನ್ನು ಸೋಫಾದಲ್ಲಿ ಕೂರಿಸಿ, ಮಂಡಿಯ ಮೇಲೆ ಶಾಲು ಹೊದಿಸಿದ.

"ಪ್ರಕಾಶನ ಅಣ್ಣ ಇವ್ನು" ಎಂದು ಮುಮ್ತಾಜ್ ಗೊಣಗಿದಳು.

ಆತ ಬಹಳ ಚೆನ್ನಾಗಿ ಮಾತಾಡಿದ. ಮಹಾನ್ ಬದುಕು, ಅಮರ ನೆನಪು, ದಣಿದ ಕಲಾವಿದೆಗೆ ವಿಶ್ರಾಂತಿಯ ಹೊತ್ತು ಎಂದೆಲ್ಲ. ಪರದೆಯ ಮೇಲೆ ಅವಳ ಸಿನಿಮಾದ ತುಣುಕುಗಳು ಬಂದವು. ಎಂಥ ಚೆಲುವೆ ಎಂದು ಜನ ಉಸಿರೆಳೆದರು. ಒಂದು ಕ್ಷಣ ಮಂಜು ತುಂಬಿದ ಬೆಟ್ಟ ಕಂಡಿತು. ನಾನು ಮುಮ್ತಾಜಳ ತೊಡೆ ಚಿವುಟಿದೆ. ನಮ್ಮ ಕೆಮ್ಮಣ್ಣುಗುಂಡಿ! ಅವಳು ಅಲ್ಲಿ ಕೂತಿದ್ದಳು, ಅಳದೆ.

ತುಣುಕುಗಳು ಮುಗಿದವು. ದೀಪ ಬಂತು. ಚಪ್ಪಾಳೆ.

"ಇಷ್ಟೇನಾ?" ಎಂದಳು ಆಗ್ನೆಸ್. ಧ್ವನಿ ಒಡೆದ ಗಂಟೆಯ ಹಾಗಿತ್ತು, ಆದರೆ ಕೊನೆಯ ಸಾಲಿನವರೆಗೂ ಕೇಳಿತು.

ನಿರೂಪಕ ನಕ್ಕ. ಅವಳು ನಗಲಿಲ್ಲ.

"ನನ್ನ ಮುಖ ಬಿದ್ದ ಮೇಲೆ ಮೂವತ್ತು ವರ್ಷ ದುಡಿದಿದ್ದೇನೆ. ಅದು ಎಲ್ಲಿ?"

"ಅದರ ಚಿತ್ರಗಳು ಅಷ್ಟು..." ಎಂದು ಆತ ತಡವರಿಸಿದ.

"ನನ್ನನ್ನು ಐವತ್ತಕ್ಕೇ ಹೂತುಬಿಟ್ಟಿದ್ದೀಯಲ್ಲಪ್ಪ. ಮಣ್ಣು ಹಾಕುವುದಕ್ಕೆ ಇಷ್ಟು ಜನರನ್ನು ಕರೆದಿದ್ದೀಯ."

ಸಬೀಹಾ ನನ್ನ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದವಳು ತಾನೇ ಮರೆತು ಬಾಯಿ ಬಿಟ್ಟು ನೋಡುತ್ತಿದ್ದಳು. ಆಗ್ನೆಸ್ ಶಾಲು ಸರಿಸಿ ಎದ್ದಳು. ಆತ ಕೈ ಚಾಚಿದ, ಅವಳು ಹಿಡಿಯಲಿಲ್ಲ. ಪರದೆ ಆರಿಸಿ ಎಂದಳು. ಮುಂದೆ ಬಂದು ನಿಂತಳು.

ಆ ತಾಯಿಯ ಪಾತ್ರ ಆಡಿದಳು. ಮಗನ ಹೆಣ ಕೇಳುವ ತಾಯಿ. ಸತ್ತ ಅರ್ಧ ಮುಖ ಬೇಡುತ್ತಿತ್ತು, ಬದುಕಿದ ಅರ್ಧ ಮುಖ ಬೈಯುತ್ತಿತ್ತು. ನಡುವೆ ಮಾತು ಮರೆತುಹೋಯಿತು. ಪಕ್ಕದಿಂದ ಯಾರೋ ಮೆಲ್ಲಗೆ ಎತ್ತಿಕೊಡಲು ನೋಡಿದರು. ಅವಳು ಬೇಡ ಎಂದು ಕೈ ತೋರಿಸಿದಳು. ನಿಂತಳು. ನಾವು ಕಾದೆವು. ಎಷ್ಟು ಹೊತ್ತಾಯಿತೋ, ಆ ಮೌನದಲ್ಲಿ ಮಗನಿಗಾಗಿ ಬಾಗಿಲಲ್ಲಿ ಕಾಯುವ ತಾಯಿಯೇ ಕಂಡಳು. ಆಮೇಲೆ ಮಾತು ತಾನಾಗಿ ಬಂತು. ಮುಗಿಸಿದಳು.

ಚಪ್ಪಾಳೆ ಏಳುವ ಮೊದಲೇ ನನ್ನ ಪಕ್ಕದಿಂದ ಒಂದು ಕೂಗು ಎದ್ದಿತು.

"ಒನ್ಸ್ ಮೋರ್!"

ಮುಮ್ತಾಜ್! ಪದ ಇಂಗ್ಲಿಷಿನದು, ಆದರೆ ನಾಟಕದಲ್ಲಿ ಹಾಗೆ ಕೂಗುವ ರೂಢಿ ಇಂಗ್ಲಿಷರಿಗಿಲ್ಲ. ಎಲ್ಲರೂ ತಿರುಗಿ ನೋಡಿದರು. ಸಬೀಹಾ ತಲೆ ತಗ್ಗಿಸಿ, "ಅಮ್ಮೀ, ಅಲ್ಲಾ ಕೇ ವಾಸ್ತೆ ಸುಮ್ನಿರು..." ಎಂದಳು.

"ಯಾರದು?" ಎಂದು ಕೇಳಿದಳು ಆಗ್ನೆಸ್.

ಮುಮ್ತಾಜ್ ಎದ್ದು ನಿಂತಳು. "ನಾನು ಕಣಮ್ಮ. ನಮ್ಮೂರಲ್ಲಿ ಚೆನ್ನಾಗಿದ್ರೆ ಹಂಗೇ ಅನ್ನೋದು" ಎಂದು ಕನ್ನಡದಲ್ಲೇ ಹೇಳಿ, ಮಗಳಿಗೆ, "ಹೇಳೇ ಅವ್ರಿಗೆ" ಎಂದಳು. ಸಬೀಹಾ ಎದ್ದು ಹೇಳಲೇಬೇಕಾಯಿತು. ಊರು ತರೀಕೆರೆ, ಕೆಮ್ಮಣ್ಣುಗುಂಡಿಯ ಕೆಳಗೆ, ಇವರು ನಿಮಗೆ ರವಿಕೆಯ ಅಳತೆ ತೆಗೆದವರು, ಅವರು ನಿಮ್ಮ ಜಾಗದಲ್ಲಿ ನಿಂತವರು, ಅವರೂ ನಾಟಕದವರು, ಎಲ್ಲ.

ಆಗ್ನೆಸ್ ನಮ್ಮನ್ನು ನೋಡಿದಳು. ಗುರುತು ಹಿಡಿದು ಅಪ್ಪಿಕೊಳ್ಳುತ್ತಾಳೆ ಎಂದು ನೀವು ಕಾಯುತ್ತಿದ್ದರೆ, ಹಾಗೇನೂ ಆಗಲಿಲ್ಲ. "ನಿಮ್ಮಿಬ್ಬರ ನೆನಪಿಲ್ಲ" ಎಂದಳು. "ಜಿಗಣೆಗಳು ಮಾತ್ರ ನೆನಪಿವೆ." ಜನ ನಕ್ಕರು, ನಾನೂ ನಕ್ಕೆ. ಆಮೇಲೆ ಅವಳು ನನ್ನನ್ನೇ ನೋಡಿ, "ಈಗ ಯಾವ ಪಾತ್ರ ಮಾಡುತ್ತಿದ್ದೀಯ?" ಎಂದಳು.

"ಈಗ ಇಲ್ಲ. ರಾಣಿ ಪಾತ್ರ ಇತ್ತು. ಕೈ ನಡುಗುತ್ತೆ ಅಂತ ತೆಗೆದರು" ಎಂದೆ.

"ನಡುಗುವ ಕೈ ಯಾರದು?"

"ನನ್ನದೇ."

"ಹಾಗಿದ್ದರೆ ರಾಣಿಯದೂ ಅದೇ ಕೈ. ಅವಳಿಗೆ ಬೇರೆ ಕೈ ಎಲ್ಲಿಂದ ತರುತ್ತೀಯ? ಬಾ ಇಲ್ಲಿ."

ನಿರೂಪಕ ಗಡಿಯಾರ ನೋಡಿ, ಕಾರ್ಯಕ್ರಮದ ಮುಂದಿನ ಭಾಗ ಎಂದು ಏನೋ ಶುರುಮಾಡಿದ. "ನನ್ನ ಸಮಾರಂಭ ತಾನೇ? ನೀನು ಕೂತುಕೋ" ಎಂದಳು ಆಗ್ನೆಸ್. ಆತ ಬೇರೆ ದಾರಿಯಿಲ್ಲದೆ ಆ ಸೋಫಾದಲ್ಲೇ ಕೂತ.

ನಾನು ಮೆಟ್ಟಿಲು ಹತ್ತಿದೆ. ಕೋಟು ಬಿಚ್ಚಿ ಕೆಳಗೆ ಹಾಕಿದೆ. ಮುಮ್ತಾಜ್ ಓಡಿ ಬಂದು ನನ್ನ ಸೆರಗು ಸರಿಮಾಡಿ, ಸಬೀಹಾಳ ಮನೆಯ ಬೀಗದ ಕೈ ಗೊಂಚಲನ್ನು ನನ್ನ ಬಲಗೈಗೆ ತುರುಕಿ, "ಕೋಟೆ ಅಂದ್ಕೊ. ಒಂದು ಇಂಚೂ ಬಿಡ್ಬೇಡ" ಎಂದು ಹೇಳಿ ಇಳಿದಳು.

ದೀಪ ಕಣ್ಣಿಗೆ ಹೊಡೆಯುತ್ತಿತ್ತು. ಕೈ ಎತ್ತಿದೆ. ನಡುಗಿತು. ಗೊಂಚಲು ಗಲಗಲ ಎಂದಿತು. ಅಷ್ಟು ದೊಡ್ಡ ಮಂದಿರದಲ್ಲಿ ಅದೊಂದೇ ಸದ್ದು. ಮೊದಲಾಗಿದ್ದರೆ ಕೈ ಇಳಿಸುತ್ತಿದ್ದೆ. ಇಳಿಸಲಿಲ್ಲ. ಇನ್ನೂ ಮೇಲೆತ್ತಿದೆ. ದೂತನ ಮುಖದ ಮುಂದೆ ರಾಣಿ ಗೊಂಚಲು ಆಡಿಸುತ್ತಿದ್ದಾಳೆ, ಬಾ, ಕಿತ್ತುಕೋ ನೋಡೋಣ ಎಂದು ಕೆಣಕುತ್ತಿದ್ದಾಳೆ ಎಂದು ಆಗ ನನಗೇ ಅನ್ನಿಸಿತು. ಇಷ್ಟು ವರ್ಷ ಆ ಮಾತನ್ನು ನಾನು ಗಂಭೀರವಾಗಿ ಹೇಳಿದ್ದೆ. ಅವತ್ತು ನಗುತ್ತ ಹೇಳಿದೆ.

"ಬೀಗದ ಕೈ ಕೇಳಲು ಬಂದವನೇ, ಮೊದಲು ಈ ಕೈ ಕೇಳು. ಇದನ್ನು ಕತ್ತರಿಸಿಕೊಂಡು ಹೋದರೂ ಬೀಗ ತೆರೆಯುವುದನ್ನು ಅದು ನಿನಗೆ ಹೇಳಿಕೊಡುವುದಿಲ್ಲ."

ಕನ್ನಡ ಅವರಿಗೆ ಒಂದಕ್ಷರ ತಿಳಿಯದು. ಆದರೆ ದೂತ ಹೆದರಿ ಹಿಂದೆ ಸರಿಯುವ ಜಾಗಕ್ಕೆ ಬಂದಾಗ, ಮೊದಲ ಸಾಲಿನ ಒಬ್ಬ ದೊಡ್ಡ ಮನುಷ್ಯ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ್ದನ್ನು ನಾನು ಕಣ್ಣಾರೆ ಕಂಡೆ.

ಮುಗಿದಾಗ ಚಪ್ಪಾಳೆ ಬಿತ್ತು. ಆಮೇಲೆ ಎಲ್ಲಿಂದಲೋ ಜೋನಳ ಮೀನಂಗಡಿಯ ಗಂಟಲಿನಲ್ಲಿ, "ಒನ್ಸ್ ಮೋರ್!" ಎಂಬ ಕೂಗು. ಇನ್ನಾರೋ ಕೂಗಿದರು. ಆಗ್ನೆಸ್ ಅರ್ಧ ಮುಖದಲ್ಲಿ ನಗುತ್ತ ನನ್ನ ಹತ್ತಿರ ಬಂದು, ನಡುಗುವ ಕೈಯನ್ನು ಹಿಡಿದು ನಿಲ್ಲಿಸಲು ಹೋಗಲಿಲ್ಲ, ಸುಮ್ಮನೆ ನೋಡಿದಳು. "ಇನ್ನೊಮ್ಮೆ ಕೇಳುತ್ತಿದ್ದಾರೆ. ಇಬ್ಬರೂ ಮಾಡೋಣ" ಎಂದಳು. ಮಾಡಿದೆವು.

ತರೀಕೆರೆ, ಕಡೂರು

ಊರಿಗೆ ಬಂದು ನಿದ್ದೆ ಸರಿಹೋಗುವ ಮೊದಲೇ ತರೀಕೆರೆಗೆ ಹೋದೆ. ಪ್ರಕಾಶ ಎದ್ದು ಕುರ್ಚಿ ಕೊಟ್ಟ. ಸಬೀಹಾ ಕಳಿಸಿದ್ದ ವಿಡಿಯೋ ಅವನೂ ನೋಡಿದ್ದ. ಹೊಸ ನಾಟಕದಲ್ಲಿ ನನಗೆ ಒಂದು ಒಳ್ಳೆಯ ಪಾತ್ರ ಇದೆ ಎಂದ.

"ಏನು?"

"ಅಜ್ಜಿ ಪಾತ್ರ ಅಕ್ಕ. ಕಾಯಿಲೆ ಬಿದ್ದಿರ್ತಾಳೆ. ಮಂಚದ ಮೇಲೆ ಮಲಗಿರೋದು. ಕೈ ನಡುಗುದ್ರೂ ಅಲ್ಲಿ ಸರಿಹೋಗುತ್ತೆ."

"ಮಲಗೋದಕ್ಕೆ ನಮ್ಮನೇಲೇ ಮಂಚ ಐತೆ ಕಣೋ. ನಿಂತ್ಕೊಳ್ಳೋದಕ್ಕೆ ಜಾಗ ಕೇಳ್ತಿದೀನಿ."

"ಅಕ್ಕಾ, ನಂಗೂ ಕಮಿಟಿಯೋರು ಅಂತ ಇರ್ತಾರೆ..."

"ಇರ್ಲಿ ಬಿಡು. ಅವ್ರನ್ನೇ ಮಲಗ್ಸು."

ನಾನು, ಮುಮ್ತಾಜ್ ಸೇರಿ ಅದೇ ರಾಣಿಯ ನಾಟಕ ಆಡಲು ಕಡೂರಿನಲ್ಲಿ ಬೇರೆ ಜನ ಕೂಡಿಸಿದೆವು. ದೂತನ ಪಾತ್ರಕ್ಕೆ ಒಬ್ಬ ಬಸ್ ಕಂಡಕ್ಟರ್ ಸಿಕ್ಕಿದ, ಕಂಠ ಅಂದರೆ ಕಂಠ. ಸೈನಿಕರಾಗಿ ನನ್ನ ಹಳೆಯ ಸಹೋದ್ಯೋಗಿಗಳು, ಅವರಲ್ಲಿ ಇಬ್ಬರಿಗೆ ಮಂಡಿನೋವು. ಮುಮ್ತಾಜ್ ಎಲ್ಲರಿಗೂ ಹೊಲಿದಳು. ನಾವು ತಾಲೀಮು ಮಾಡುತ್ತಿದ್ದಾಗಲೇ ಸಬೀಹಾ ಫೋನು ಮಾಡಿ ಸುದ್ದಿ ಹೇಳಿದಳು: ಆಗ್ನೆಸ್ ಹೊಸ ನಾಟಕ ಒಪ್ಪಿಕೊಂಡಿದ್ದಾಳೆ, ಆ ಸಮಾರಂಭವನ್ನು ಬೀಳ್ಕೊಡುಗೆ ಎಂದು ಬರೆದ ಪತ್ರಿಕೆಯವರು ಈಗ ತಲೆ ಕೆರೆದುಕೊಳ್ಳುತ್ತಿದ್ದಾರೆ ಎಂದು.

ಕಡೂರಿನ ಸಮುದಾಯ ಭವನದಲ್ಲಿ ಮೊದಲ ಪ್ರಯೋಗ. ಪ್ರಕಾಶನೂ ಬಂದಿದ್ದ, ಮಧ್ಯದಲ್ಲೆಲ್ಲೋ ಕೂತಿದ್ದ. ಎರಡನೆಯ ಅಂಕದಲ್ಲಿ ನಾನು ದೂತನ ಎದುರು ಬಂದು ನಿಂತೆ. ಕೈ ಎಂದಿಗಿಂತ ಹೆಚ್ಚು ನಡುಗುತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಕೂಗಿದ.

"ಅಜ್ಜೀ, ಕೈಕಾಲು ನಡುಗ್ತಾವೆ, ಕೂತ್ಕಂಡು ಹೇಳಜ್ಜೀ!"

ಅಲ್ಲಲ್ಲಿ ನಗು. ಕಂಡಕ್ಟರ್ ದೂತ ಗಾಬರಿಯಾಗಿ ನನ್ನ ಮುಖ ನೋಡಿದ. ಪಕ್ಕದ ಪರದೆಯ ಹಿಂದೆ ಮುಮ್ತಾಜ್ ತೋಳೇರಿಸುತ್ತಿದ್ದುದು ಕಂಡಿತು. ನಾನು ದೂತನನ್ನು ಕೈಯಿಂದ ಪಕ್ಕಕ್ಕೆ ಸರಿಸಿ ರಂಗದ ಅಂಚಿಗೆ ಬಂದೆ.

"ರಾಣಿ ನಿಂತು ಮಾತಾಡ್ತಿರುವಾಗ ಕೂತಿರುವವನು ಯಾರು? ಏಳು ಮೇಲೆ!"

ಕುರ್ಚಿ ಸರಿದ ಸದ್ದು. ಹಿಂದಿನ ಸಾಲಿನ ಕತ್ತಲಲ್ಲಿ, ಕೂಗಿದ್ದ ಆ ಉದ್ದನೆಯ ಮನುಷ್ಯ ಎದ್ದು ನಿಂತ, ತಲೆಯ ಟವೆಲ್ ತೆಗೆದು ಹೆಗಲ ಮೇಲೆ ಹಾಕಿಕೊಂಡ. ನಾನು ತಿರುಗಿ ದೂತನ ಬಳಿ ಹೋಗಿ ಮಾತು ಮುಂದುವರಿಸಿದೆ. ಕೋಟೆ ಉಳಿಯಿತು, ದೂತ ಓಡಿದ, ಅಂಕದ ಪರದೆ ಬಿತ್ತು. ಅಲ್ಲಿಯವರೆಗೂ ಆತ ನಿಂತೇ ಇದ್ದ.